ಇನ್ನೂರು ಗಂಟೆ ಮತ್ತು ಹಾರಾಟ ಶಾಲೆಯ ಮಾರ್ಕ್ಸ್ ಕಾರ್ಡು

2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಪೈಲಟ್ ಕೋರ್ಸಿನ ಮಾತು ಜಾಸ್ತಿಯಾಗಿದೆ. ಖರ್ಚು ಸುಮಾರು ಅರ್ಧ ಕೋಟಿ. ಅಡಿಕೆ ತೋಟದ ಮೇಲೆ ಸಾಲ ಎತ್ತಿಯೋ, ಕಾರ್ಖಾನೆಯಿಂದ ನಿವೃತ್ತರಾದಾಗ ಬಂದ ದುಡ್ಡು ಸುರಿದೋ ಕಟ್ಟುವ ಫೀಸು ಅದು. ಇಷ್ಟು ಹಣ ಕೊಟ್ಟು ಸೈಟು ಕೊಳ್ಳುವವರು ಪತ್ರಗಳನ್ನು ಮೂರು ಜನ ವಕೀಲರಿಗೆ ತೋರಿಸುತ್ತಾರೆ. ಹಾರಾಟ ಶಾಲೆಯ ವಿಷಯದಲ್ಲಿ ಬಣ್ಣದ ಬ್ರೋಷರ್ ಒಂದೇ ಸಾಕಾಗುತ್ತದೆ!

ಆ ಕುಟುಂಬಗಳ ಕೈಗೆ ಏನಾದರೊಂದು ಅಳತೆಗೋಲು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2025ರ ಅಕ್ಟೋಬರಿನಿಂದ ದೇಶದ ಹಾರಾಟ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಶುರುಮಾಡಿತು. ಮೊದಲ ಪಟ್ಟಿಯೇ ಬೆಚ್ಚಿಬೀಳಿಸುವಂತಿತ್ತು. ಪರಿಶೀಲಿಸಿದ 35 ಶಾಲೆಗಳಲ್ಲಿ ಮೇಲಿನ ಎರಡು ದರ್ಜೆಗೆ ಒಂದೂ ಏರಲಿಲ್ಲ. 13ಕ್ಕೆ ಬಿ, ಉಳಿದ 22ಕ್ಕೆ ಸಿ. ಶಾಲೆಗಳನ್ನು ಹೊಗಳಿ ಕೈತೊಳೆದುಕೊಳ್ಳದೆ ಇದ್ದದ್ದನ್ನು ಇದ್ದಂತೆ ಹೇಳಿದ್ದಕ್ಕೆ ಡಿಜಿಸಿಎಗೆ ಶಹಭಾಸ್ ಅನ್ನಲೇಬೇಕು.

ನನ್ನ ತಕರಾರು ಅಂಕ ಹಂಚಿದ ರೀತಿಯ ಬಗ್ಗೆ. ನೂರರಲ್ಲಿ ನಲವತ್ತು ಅಂಕ ಕಾರ್ಯಾಚರಣೆಗೆ, ಸುರಕ್ಷತೆಗೆ ಇಪ್ಪತ್ತೇ. ಕಾರ್ಯಾಚರಣೆ ಎಂದಾಗ ಅದರಲ್ಲಿ ವೇಗವೂ ಸೇರಿಕೊಳ್ಳುತ್ತದೆ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಯನ್ನು ವಿದ್ಯಾರ್ಥಿ ಎಷ್ಟು ಬೇಗ ಮುಗಿಸಿದ ಎಂಬುದು ಮುಖ್ಯವಾಗುತ್ತದೆ. ವಿಮಾನ ಕೆಟ್ಟು ನಿಂತು, ಬೋಧಕರಿಲ್ಲದೆ ವರ್ಷಗಟ್ಟಲೆ ಕಾದ ಮಕ್ಕಳಿದ್ದಾರೆ, ಹಾಗಾಗಿ ಈ ಲೆಕ್ಕ ಬೇಕು. ಆದರೆ ಗಂಟೆಗಳನ್ನು ಎಣಿಸುವ ಪಟ್ಟಿಗೆ ಗಂಟೆಯ ಒಳಗೆ ಏನು ನಡೆಯಿತೆಂದು ತಿಳಿಯುವುದಿಲ್ಲ.

ಒಂದು ಸರ್ಕ್ಯೂಟ್, ಅಂದರೆ ರನ್‌ವೇ ಸುತ್ತಿ ಬಂದು ಇಳಿಯುವ ಅಭ್ಯಾಸ, ತೆಗೆದುಕೊಳ್ಳಿ. ವಿಮಾನ ರನ್‌ವೇಗೆ ಅಡ್ಡಲಾದ ಬೇಸ್‌ನಿಂದ ಅದರ ನೇರಕ್ಕೆ ಬರುವ ಫೈನಲ್‌ಗೆ ತಿರುಗುತ್ತಿದೆ, ನೆಲದಿಂದ ಐನೂರು ಅಡಿ ಮೇಲಿದೆ. ಹಿಂದಿನಿಂದ ಗಾಳಿ ತಳ್ಳಿ ರನ್‌ವೇಯ ನೇರ ದಾಟಿಹೋಯಿತು. ಕಲಿಯುವವನ ಕಾಲು ತಾನಾಗಿಯೇ ಒಳಬದಿಯ ರಡರ್ ಒತ್ತುತ್ತದೆ, ಮೂತಿ ಬೇಗ ತಿರುಗಲಿ ಅಂತ. ಮೂತಿ ಕೆಳಗೆ ಬಾಗಿದಂತೆ ಕಂಡು ಕೈ ಯೋಕನ್ನು ಹಿಂದಕ್ಕೆ ಎಳೆಯುತ್ತದೆ. ವೇಗ ಇಳಿಯುತ್ತದೆ, ಒಳಗಿನ ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಂಡು ಸ್ಟಾಲ್ ಆಗುತ್ತದೆ, ವಿಮಾನ ಸ್ಪಿನ್‌ಗೆ ಬೀಳುತ್ತದೆ. ಅಷ್ಟು ಕಡಿಮೆ ಎತ್ತರದಲ್ಲಿ ಅದನ್ನು ಸರಿಮಾಡಿಕೊಳ್ಳಲು ಜಾಗವಿಲ್ಲ.

ಒಳ್ಳೆಯ ಬೋಧಕ ಇದನ್ನು ಹಾರುವ ಮೊದಲೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಾನೆ, ಸಾಕಷ್ಟು ಎತ್ತರಕ್ಕೆ ಕರೆದೊಯ್ದು ಸ್ಟಾಲ್ ಮಾಡಿಸುತ್ತಾನೆ. ಫೈನಲ್‌ನಲ್ಲಿ ನೇರ ತಪ್ಪಿದರೆ ಎಳೆದಾಡಬೇಡ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಗೋ ಅರೌಂಡ್ ಮಾಡು ಎಂದು ಅಭ್ಯಾಸ ಹಿಡಿಸುತ್ತಾನೆ. ಇಳಿದ ಮೇಲೆ ಅರ್ಧ ಗಂಟೆ ಕೂತು ತಪ್ಪನ್ನು ಬಿಡಿಸಿ ಹೇಳುತ್ತಾನೆ. ಇನ್ನೊಬ್ಬ ತಟ್ಟನೆ ಕಂಟ್ರೋಲ್ ಕಿತ್ತುಕೊಂಡು ತಾನೇ ಇಳಿಸಿ, ಮುಂದಿನ ಹುಡುಗನನ್ನು ಕರೆಯುತ್ತಾನೆ. ಅವನಿಗೂ ತನ್ನ ಗಂಟೆ ಕೂಡಿಸಿಕೊಂಡು ಏರ್‌ಲೈನ್ ಸೇರುವ ಆತುರ. ಲಾಗ್‌ಬುಕ್‌ನಲ್ಲಿ ಇಬ್ಬರದೂ ಒಂದೇ ಗಂಟೆ, ಪಟ್ಟಿಯಲ್ಲೂ ಅಷ್ಟೇ. (ಹಾರದೆಯೇ ಬರೆದುಕೊಂಡ ಗಂಟೆಗಳ ಪ್ರಕರಣಗಳು 2011ರಲ್ಲಿ ದೇಶದಲ್ಲಿ ದೊಡ್ಡ ಸುದ್ದಿಯಾಗಿದ್ದವು, ಆ ಮಾತು ಬೇರೆ.)

ಸುರಕ್ಷತೆಯ ಇಪ್ಪತ್ತು ಅಂಕದಲ್ಲೂ ಒಂದು ಎಡವಟ್ಟಿದೆ. ಅಪಘಾತ, ಘಟನೆಗಳನ್ನು ಎಣಿಸಿ ಅಂಕ ಕಳೆದರೆ, ಹಾರ್ಡ್ ಲ್ಯಾಂಡಿಂಗ್ ಆದದ್ದನ್ನು ಪ್ರಾಮಾಣಿಕವಾಗಿ ವರದಿ ಮಾಡಿದ ಶಾಲೆಗೆ ಪೆಟ್ಟು, ವಿಮಾನದ ದೋಷವನ್ನು (ಸ್ನ್ಯಾಗ್) ಬರೆಯದೆ ಮುಚ್ಚಿಟ್ಟ ಶಾಲೆಗೆ ಲಾಭ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲಕ್ಕೆ ಇಳಿಯಿತು, ಒಳಗಿದ್ದ ಇಬ್ಬರೂ ಬದುಕಿದರು. ವಿಮಾನವನ್ನು ಹೊಲಕ್ಕೆ ಇಳಿಸಬೇಕಾಗಿ ಬಂದದ್ದು ಯಾಕೆಂದು ವಿಚಾರಿಸಲೇಬೇಕು. ಹಾಗೆಂದು ಇಬ್ಬರನ್ನು ಜೀವಂತ ಇಳಿಸಿದ ಫೋರ್ಸ್ಡ್ ಲ್ಯಾಂಡಿಂಗ್ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೇಗೆ?

ಸೋಗಾನೆಯಲ್ಲೇ ಒಂದು ಹಾರಾಟ ಶಾಲೆ ಬೇಡವೇ ಎಂದು ಕೇಳುವವರಿದ್ದಾರೆ. ರನ್‌ವೇ ಏನೋ 3,200 ಮೀಟರ್ ಉದ್ದವಿದೆ. ತರಬೇತಿಯ ಸೆಸ್ನಾಗೆ ಅದರ ಕಾಲು ಭಾಗವೇ ಹೆಚ್ಚಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಅಂಚಿನಲ್ಲಿ ಮೋಡ ಕೆಳಕ್ಕೆ ಇಳಿದು ಕೂರುವಾಗ, ಕಣ್ಣಳತೆಯಲ್ಲಿ ಹಾರುವುದನ್ನು ಕಲಿಯುವ ಮಕ್ಕಳು ನೆಲದ ಮೇಲೇ ಇರಬೇಕು. ಆ ನಾಲ್ಕು ತಿಂಗಳು ಸುಮ್ಮನೆ ಕೂರುವ ಶಾಲೆ ವೇಗದ ಅಂಕ ಕಳೆದುಕೊಳ್ಳುತ್ತದೆ, ಅಪಾಯ ಕಟ್ಟಿಕೊಂಡು ಹಾರಿಸುವ ಶಾಲೆ ಗಳಿಸುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಮಹಾರಾಜರ ಕಾಲದ ಸರ್ಕಾರಿ ಹಾರಾಟ ಶಾಲೆಯೇ ಇದೆ. ಹೆದ್ದಾರಿಯ ಮೇಲ್ಸೇತುವೆ ಅಡ್ಡಬಂದು ಅಲ್ಲಿನ ತರಬೇತಿ ವರ್ಷಗಳ ಕಾಲ ಕುಂಟಿತು. ರನ್‌ವೇಯೋ, ಹಳೆಯ ಹೆಸರೋ ಇದ್ದಮಾತ್ರಕ್ಕೆ ಶಾಲೆ ನಡೆಯುವುದಿಲ್ಲ.

ನನ್ನ ಮಟ್ಟಿಗೆ ಈ ಪಟ್ಟಿ ಕೆಟ್ಟ ಶಾಲೆಯನ್ನು ಬಿಡಲು ಸಾಕು, ಒಳ್ಳೆಯದನ್ನು ಆರಿಸಲು ಸಾಲದು. ಫೀಸು ಕಟ್ಟುವ ಮುನ್ನ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ಒಂದು ಇಡೀ ದಿನ ಶಾಲೆಯಲ್ಲಿ ಕೂತು ಬನ್ನಿ. ಹಾರಿ ಬಂದ ಮಕ್ಕಳ ಜೊತೆ ಬೋಧಕರು ಕೂತು ಮಾತಾಡುತ್ತಾರೋ ನೋಡಿ. ಮೊದಲ ಸೋಲೋಗೆ ಬಿಡುವ ನಿರ್ಧಾರ ಯಾರದು, ಹವಾಮಾನ ನೋಡಿ ಹಾರಾಟ ರದ್ದು ಮಾಡಿದ್ದು ಕೊನೆಯ ಸಲ ಯಾವಾಗ, ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ವಾಪಸ್ ಎಂದು ಕೇಳಿ. ಕಡೆಯದನ್ನು ಬರಹದಲ್ಲಿ ಪಡೆಯಿರಿ. ಹಾರಾಟ ರದ್ದು ಮಾಡಿದ ದಿನಾಂಕವನ್ನು ತಡವರಿಸದೆ ಹೇಳುವ ಶಾಲೆ ಸಿ ದರ್ಜೆಯದ್ದಾದರೂ ಇನ್ನೊಮ್ಮೆ ಹೋಗಿ ಮಾತಾಡಿ.