ಪ್ರತಿನಾಯಕನ ಹಾಡು ಮತ್ತು ವಕ್ತೃವಿನ ಔಚಿತ್ಯ

ಕಿನ್ನರ ಕಥೆಗಳನ್ನು ಆಧರಿಸಿ ಹಿಂದೆ ಆನಿಮೇಷನ್ ರೂಪದಲ್ಲಿ ತಾನು ತಯಾರಿಸಿದ ಗೀತಪ್ರಧಾನ ಚಿತ್ರಗಳನ್ನು ಅಮೆರಿಕದ ಡಿಸ್ನಿ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ನಟನಟಿಯರಿಂದ ಆಡಿಸಿ ಮತ್ತೆ ನಿರ್ಮಿಸಿದೆ. ಕೈಯಿಂದ ಬರೆದ ಆಕೃತಿಯ ಜಾಗದಲ್ಲಿ ನಿಜವಾದ ಮುಖ, ನಿಜವಾದ ಮೈ ಬಂದಿವೆ. ಈ ಪುನರ್ನಿರ್ಮಾಣಗಳ ಒಂದು ಅಂಗವನ್ನು ಮಾತ್ರ ನಾವು ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದು ದುಷ್ಟಪಾತ್ರ ಹಾಡುವ ಹಾಡು. ದುಷ್ಟನ ಬಾಯಲ್ಲಿ ಬರುವ ದುಷ್ಟವಾದ ಮಾತನ್ನು ಕೃತಿಕಾರನು ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು, ಎಲ್ಲಿ ತಿದ್ದಬೇಕು ಎಂಬುದು ನಮ್ಮ ಪ್ರಶ್ನೆ. ಪ್ರಶ್ನೆ ಹಳೆಯದು, ಅದು ಎದ್ದಿರುವ ಸಂದರ್ಭ ಮಾತ್ರ ಹೊಸದು.

ಇಂಥ ಹಾಡು ಈ ಚಿತ್ರಗಳಲ್ಲಿ ಮೊದಲಿನಿಂದಲೂ ಇದ್ದದ್ದಲ್ಲ. 1937ರ ‘ಸ್ನೋ ವೈಟ್’ ಚಿತ್ರದ ರಾಣಿಗೆ ಹಾಡಿಲ್ಲ. 1950ರ ‘ಸಿಂಡರೆಲ್ಲ’ದ ಮಲತಾಯಿಗೂ ತನ್ನದೆಂಬ ಹಾಡಿಲ್ಲ. 1989ರ ‘ದಿ ಲಿಟ್ಲ್ ಮರ್ಮೇಡ್’ ಚಿತ್ರದಲ್ಲಿ ಇದು ಕಥೆಯ ಕೀಲಾಯಿತು. ಅದರ ಗೀತಕಾರ ಹಾವರ್ಡ್ ಆಶ್‌ಮನ್, ಸಂಗೀತಕಾರ ಅಲನ್ ಮೆಂಕನ್ ಇಬ್ಬರೂ ರಂಗಭೂಮಿಯಿಂದ ಬಂದವರು. 1982ರಲ್ಲಿ ಅವರು ರಚಿಸಿದ ‘ಲಿಟ್ಲ್ ಷಾಪ್ ಆಫ್ ಹಾರರ್ಸ್’ ಎಂಬ ಸಂಗೀತನಾಟಕದಲ್ಲಿ ರಕ್ತಾಹಾರಿಯಾದ ಒಂದು ಗಿಡ ಹಾಡಿ ಹಾಡಿಯೇ ಬಡ ಯುವಕನೊಬ್ಬನನ್ನು ಕೊಲೆಗೆ ಒಪ್ಪಿಸುತ್ತದೆ. ಹಾಡು ಮುಗಿಯುವ ವೇಳೆಗೆ ಅವನು ಮೊದಲಿದ್ದ ಮನುಷ್ಯನಾಗಿ ಉಳಿದಿರುವುದಿಲ್ಲ. ನಾಟಕದ ಹಾಡು ಕ್ರಿಯೆಯನ್ನು ಮುಂದಕ್ಕೆ ನಡೆಸಬೇಕೆಂಬ ಈ ನಿಯಮವನ್ನೇ ಅವರು ಕಿನ್ನರ ಕಥೆಗೂ ತಂದರು.

ಪ್ರತಿನಾಯಕನ ಹಾಡುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಆತ್ಮಪ್ರಶಂಸೆಯದು, 1991ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಚಿತ್ರದಲ್ಲಿ ಗ್ಯಾಸ್ಟನ್‌ನನ್ನು ಹೊಗಳಿ ಹೆಂಡದಂಗಡಿಯಲ್ಲಿ ನಡೆಯುವ ಮೇಳ ಇದಕ್ಕೆ ಉದಾಹರಣೆ. ಎರಡನೆಯದು ವಿಜಯದ ಅಟ್ಟಹಾಸ; 1992ರ ‘ಅಲಾದೀನ್’ನಲ್ಲಿ ಜಾಫರನು ನಾಯಕನ ಮೆರವಣಿಗೆಯ ಹಾಡಿನ ಮಟ್ಟನ್ನೇ ಹಿಡಿದು ಅವನನ್ನು ಹೀಯಾಳಿಸುವುದು ಈ ಬಗೆಯದು. ಮೂರನೆಯದು ಪ್ರಲೋಭನೆ, ಕೇಳುವವರು ಎದುರಿಗಿದ್ದಾರೆ, ಅವರ ಮನಸ್ಸನ್ನು ತಿರುಗಿಸಬೇಕಾಗಿದೆ. ಮತ್ಸ್ಯಕನ್ಯೆ ಏರಿಯಲ್‌ಳ ಮುಂದೆ ಕಡಲ ಮಾಟಗಾತಿ ಅರ್ಸುಲ ಹಾಡುವ ಹಾಡು ಮೂರನೆಯ ವರ್ಗಕ್ಕೆ ಸೇರಿದ್ದು. ಮೂರರಲ್ಲಿ ಕಷ್ಟತಮವಾದದ್ದೂ ಇದೇ. ಇಲ್ಲಿ ಸುಳ್ಳು ನಿಜದಂತೆ ಕೇಳಿಸದಿದ್ದರೆ ಕಥೆಯೇ ನಿಲ್ಲುವುದಿಲ್ಲ.

ಪುನರ್ನಿರ್ಮಾಣಗಳಲ್ಲಿ ಈ ಹಾಡುಗಳ ಗತಿ ಏನಾಯಿತು? 2017ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ನಲ್ಲಿ ಗ್ಯಾಸ್ಟನ್‌ನ ಹಾಡು ಉಳಿಯಿತು, ಆಶ್‌ಮನ್ ಬರೆದು ಮೊದಲ ಚಿತ್ರದಲ್ಲಿ ಬಳಕೆಯಾಗದೆ ಉಳಿದಿದ್ದ ಕೆಲವು ಸಾಲುಗಳೂ ಅದಕ್ಕೆ ಸೇರಿದವು. 2019ರ ‘ಅಲಾದೀನ್’ನಲ್ಲಿ ಜಾಫರನ ಹಾಡನ್ನು ಕೈಬಿಟ್ಟರು. 2023ರ ‘ದಿ ಲಿಟ್ಲ್ ಮರ್ಮೇಡ್’ನಲ್ಲಿ ಅರ್ಸುಲಳ ಹಾಡು ಉಳಿದರೂ ಅದರ ಒಂದು ಭಾಗವನ್ನು ಕತ್ತರಿಸಿದರು. 2025ರ ‘ಸ್ನೋ ವೈಟ್’ನಲ್ಲಿ ಹಿಂದೆ ಹಾಡಿಲ್ಲದಿದ್ದ ರಾಣಿಗೆ ಹೊಸ ಹಾಡೊಂದನ್ನು ಕೊಟ್ಟರು. ಈ ಹಾಡು ಪ್ರಕಾರದ ಆವಶ್ಯಕ ಲಕ್ಷಣವೆಂಬ ಭಾವನೆ ತಯಾರಕರಲ್ಲಿ ಬೇರೂರಿದೆಯೆಂಬುದಕ್ಕೆ ಈ ಕೊನೆಯ ಸಂಗತಿಯೇ ಸಾಕ್ಷಿ. ಆದರೂ ಅದನ್ನು ಎರಡು ಒತ್ತಡಗಳು ಬಾಧಿಸುತ್ತಿವೆ. ಒಂದು, ನೈಜತೆಯ ಒತ್ತಡ: ರೇಖೆಯಲ್ಲಿ ಸಲ್ಲುವ ಅತಿಶಯ ಮಾನವಮುಖದಲ್ಲಿ ಸಲ್ಲುವುದೋ ಇಲ್ಲವೋ ಎಂಬ ಅಳುಕು. ಇನ್ನೊಂದು, ನೀತಿಯ ಒತ್ತಡ: ಕೆಟ್ಟ ಮಾತು ಎಳೆಯ ಕಿವಿಗೆ ಬೀಳಬಾರದೆಂಬ ಎಚ್ಚರಿಕೆ. ಎರಡನೆಯದೇ ಹೆಚ್ಚು ವಿಚಾರಾರ್ಹವಾದುದರಿಂದ 2023ರ ಚಿತ್ರವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ.

ಕಥೆಯ ಮೂಲ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆ. ಅಲ್ಲಿ ಮಾಟಗಾತಿ ಕಾಲುಗಳನ್ನು ಕೊಡುವುದಕ್ಕೆ ಪ್ರತಿಯಾಗಿ ಮತ್ಸ್ಯಕನ್ಯೆಯ ದನಿಯನ್ನು ಬೇಡುತ್ತಾಳೆ. ದನಿಯನ್ನು ಕೊಟ್ಟುಬಿಟ್ಟರೆ ತನಗೆ ಉಳಿಯುವುದೇನು ಎಂದು ಹುಡುಗಿ ಕೇಳುತ್ತಾಳೆ. ರೂಪವಿದೆ, ನಡಿಗೆಯಿದೆ, ಮಾತಾಡುವ ಕಣ್ಣುಗಳಿವೆ, ಮನುಷ್ಯನ ಹೃದಯವನ್ನು ಸೆರೆಹಿಡಿಯಲು ಇಷ್ಟು ಸಾಲದೆ ಎಂಬುದು ಮಾಟಗಾತಿಯ ಉತ್ತರದ ತಾತ್ಪರ್ಯ. ಇಡೀ ಕಥೆ ಈ ಪ್ರಶ್ನೋತ್ತರದ ಮೇಲೆ ನಿಂತಿದೆ. ಆ ಉತ್ತರ ನಿಜವಾಗಲಿಲ್ಲ ಎಂಬುದೇ ಆಂಡರ್ಸನ್ ಕಥೆಯ ದುರಂತ. ರಾಜಕುಮಾರನು ಅವಳನ್ನು ಮೆಚ್ಚುತ್ತಾನೆ, ಮುದ್ದಿಸುತ್ತಾನೆ. ಆದರೆ ತನ್ನನ್ನು ಕಡಲಿನಿಂದ ಉಳಿಸಿದವಳು ಅವಳೇ ಎಂದು ಅವನಿಗೆ ತಿಳಿಯುವುದಿಲ್ಲ, ತಿಳಿಸಲು ಅವಳಿಗೆ ದನಿಯಿಲ್ಲ.

1989ರ ಹಾಡಿನಲ್ಲಿ ಆಶ್‌ಮನ್ ಈ ಉತ್ತರವನ್ನು ಒಂದು ಚರಣವಾಗಿ ಬೆಳೆಸಿದನು. ನೆಲದ ಮೇಲಿನ ಗಂಡಸರಿಗೆ ಹೆಚ್ಚು ಮಾತಾಡುವ ಹೆಣ್ಣು ಬೇಕಿಲ್ಲ, ಬಾಯಿಮುಚ್ಚಿಕೊಂಡವಳಿಗೇ ಗಂಡು ದಕ್ಕುವುದು ಎಂಬುದು ಅದರ ಸಾರ. ಪ್ಯಾಟ್ ಕ್ಯಾರಲ್ ಅದನ್ನು ಅಂಗಡಿಯ ವ್ಯಾಪಾರಿಯ ನಯದಿಂದಲೂ ಹಿರಿಯಳೊಬ್ಬಳ ಅನುಭವದ ಗತ್ತಿನಿಂದಲೂ ಹಾಡಿದ್ದಾಳೆ. 2023ರ ಚಿತ್ರದಲ್ಲಿ ಮೆಲಿಸ್ಸಾ ಮೆಕಾರ್ಥಿ ಹಾಡುವ ಪಾಠದಲ್ಲಿ ಈ ಚರಣವಿಲ್ಲ. ಚಿಕ್ಕ ಹುಡುಗಿಯರಿಗೆ ತಾವು ಬಾಯಿಬಿಡಬಾರದೆಂಬ ಭಾವನೆ ಹುಟ್ಟಿಸಬಹುದಾದ ಸಾಲುಗಳನ್ನು ತಿದ್ದಿರುವುದಾಗಿ ಆ ವರ್ಷ ಒಂದು ಸಂದರ್ಶನದಲ್ಲಿ ಮೆಂಕನ್ ತಿಳಿಸಿದರು. ಆ ಮಾತು ಏರಿಯಲ್‌ಳನ್ನು ವಂಚಿಸಲು ಅರ್ಸುಲ ಹೂಡಿದ ತಂತ್ರವೆಂಬುದನ್ನೂ ಅವರೇ ಒಪ್ಪಿಕೊಂಡಿದ್ದಾರೆ.

ನಮ್ಮ ಆಲಂಕಾರಿಕರು ಈ ಸಮಸ್ಯೆಯನ್ನು ಬಲ್ಲರು. ಪದರಚನೆಯನ್ನು ನಿಯಮಿಸುವುದು ಮಾತಾಡುವವನ ಮತ್ತು ಹೇಳಬೇಕಾದ ವಿಷಯದ ಔಚಿತ್ಯವೆಂದು ಆನಂದವರ್ಧನನು ‘ಧ್ವನ್ಯಾಲೋಕ’ದ ಮೂರನೆಯ ಉದ್ದ್ಯೋತದಲ್ಲಿ ಹೇಳುತ್ತಾನೆ. ವಕ್ತೃ ಮೊದಲಾದವರ ಔಚಿತ್ಯದಿಂದ ದೋಷವೂ ಕೆಲವೆಡೆ ಗುಣವಾಗುತ್ತದೆಂದು ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಸ್ಪಷ್ಟಪಡಿಸಿದ್ದಾನೆ. ಅವರು ಮುಖ್ಯವಾಗಿ ಶಬ್ದಾರ್ಥಗಳ ದೋಷವನ್ನು ಕುರಿತು ಹೇಳಿದ ಮಾತನ್ನು ನಾವು ನೀತಿಯ ಕ್ಷೇತ್ರಕ್ಕೂ ವಿಸ್ತರಿಸುತ್ತಿದ್ದೇವೆಂಬುದು ದಿಟ. ಆದರೆ ತತ್ತ್ವ ಒಂದೇ. ಮಾತಿನ ಬೆಲೆಯನ್ನು ಕಟ್ಟುವ ಮುನ್ನ ಅದು ಯಾರ ಬಾಯಿಂದ, ಯಾರ ಕಿವಿಗೆ, ಯಾವ ಪ್ರಯೋಜನಕ್ಕಾಗಿ ಬಂದಿದೆಯೆಂದು ನೋಡಬೇಕು. ಮಾಟಗಾತಿಯ ಮಾತು ಕವಿಯ ಮತವಲ್ಲ.

ಇಷ್ಟು ಹೇಳಿದರೆ ಸಾಲದು. ಆ ಮಾತನ್ನು ಕೃತಿ ಹೇಗೆ ಖಂಡಿಸುತ್ತದೆಂಬುದನ್ನೂ ತೋರಿಸಬೇಕು. 1989ರ ಚಿತ್ರದಲ್ಲಿ ರಾಜಕುಮಾರ ಎರಿಕ್‌ನ ಮನಸ್ಸಿನಲ್ಲಿ ಉಳಿದಿರುವುದು ತನ್ನನ್ನು ಬದುಕಿಸಿದವಳ ಕಂಠಧ್ವನಿ. ದನಿಯಿಲ್ಲದ ಏರಿಯಲ್ ಎದುರಿಗೆ ಬಂದಾಗ, ಇವಳು ಅವಳಲ್ಲವೆಂದು ಅವನು ನಿರಾಶನಾಗುತ್ತಾನೆ. ಮುಂದೆ ದೋಣಿಯ ಸನ್ನಿವೇಶದಲ್ಲಿ ಅವಳು ಮಾತಿಲ್ಲದೆಯೇ ಅವನನ್ನು ಒಲಿಸಿಕೊಳ್ಳುವ ಹಂತಕ್ಕೆ ಬರುತ್ತಾಳೆ. ಮಾಟಗಾತಿಯ ಮಾತಿನಲ್ಲಿ ಅರೆಸತ್ಯವೊಂದು ಇದ್ದೇ ಇತ್ತೆಂದು ಇದರಿಂದ ಒಪ್ಪಬೇಕಾಗುತ್ತದೆ. ಪ್ರಲೋಭನೆಯ ಶಕ್ತಿಯಿರುವುದು ಅರೆಸತ್ಯದಲ್ಲಿಯೇ. ಆದರೆ ಆಗ ಅರ್ಸುಲ ಏನು ಮಾಡುತ್ತಾಳೆ? ಸುಂದರಿಯ ವೇಷ ತೊಟ್ಟು ಬರುತ್ತಾಳೆ. ರೂಪವನ್ನು ಮಾತ್ರ ನಂಬದೆ ಏರಿಯಲ್‌ಳಿಂದ ಕಸಿದ ದನಿಯನ್ನು ಚಿಪ್ಪಿನಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಬರುತ್ತಾಳೆ. ಹೆಣ್ಣಿನ ದನಿಗೆ ಬೆಲೆಯಿಲ್ಲವೆಂದು ಹಾಡಿದವಳು ಗೆಲ್ಲಲು ಆ ದನಿಯನ್ನೇ ಆಯುಧವಾಗಿ ಹಿಡಿಯುತ್ತಾಳೆ. ತನ್ನ ಮಾತನ್ನು ತಾನೇ ನಂಬಿರಲಿಲ್ಲವೆಂಬುದು ಇಲ್ಲಿ ಬಯಲಾಗುತ್ತದೆ. ಚಿಪ್ಪು ಒಡೆದಾಗ ಎರಿಕ್‌ನ ಮಂಕೂ ಕಳೆಯುತ್ತದೆ. ಚರಣದ ಸುಳ್ಳಿಗೆ ಕಥಾವಸ್ತು ಕೊಡುವ ಉತ್ತರ ಇದು. ಹೊಸ ಚಿತ್ರದಲ್ಲಿಯೂ ಮಾಟಗಾತಿ ದನಿಯನ್ನು ಧರಿಸಿಯೇ ಬರುತ್ತಾಳೆ. ಆದರೆ ಖಂಡಿಸಬೇಕಾದ ಮಾತು ಹಿಂದೆ ಬಂದಿಲ್ಲವಾದ್ದರಿಂದ ಖಂಡನೆಯ ಅರ್ಥವೂ ಕ್ಷೀಣಿಸುತ್ತದೆ.

ನಾಯಿಕೆಗೂ ಇದರಿಂದ ನಷ್ಟವಾಗಿದೆ. ಹಳೆಯ ಏರಿಯಲ್ ಒಂದು ವಾದವನ್ನು ಕೇಳಿ, ಅದಕ್ಕೆ ಮರುಳಾಗಿ, ತಪ್ಪು ನಿರ್ಧಾರ ಕೈಗೊಂಡವಳು. ಹೊಸ ಚಿತ್ರದಲ್ಲಿ ಆ ವಾದವನ್ನು ತೆಗೆದದ್ದಲ್ಲದೆ, ಚುಂಬನದ ನಿಬಂಧನೆಯೇ ಅವಳಿಗೆ ಮರೆತುಹೋಗುವಂತೆ ಮಾಟಗಾತಿ ಮಾಡುತ್ತಾಳೆ. ದನಿ ಹೋದ ಮೇಲೂ ಅವಳ ಒಳಮನಸ್ಸಿನ ಹಾಡೊಂದನ್ನು ನಾವು ಕೇಳುತ್ತೇವೆ. ಈ ಹಾಡು ಇಂಪಾಗಿದೆ. ಆದರೆ ಅವಳು ಕಳೆದುಕೊಂಡದ್ದು ಎಷ್ಟೆಂಬುದನ್ನು ಪ್ರೇಕ್ಷಕನಿಗೆ ಹಗುರಮಾಡುತ್ತದೆ. ಹುಡುಗಿಯನ್ನು ರಕ್ಷಿಸಹೊರಟು ಅವಳ ತಪ್ಪನ್ನು ಅವಳಿಂದ ಕಸಿದುಕೊಂಡಂತಾಗಿದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಹಾಡು ಚಿತ್ರದಿಂದ ಬೇರ್ಪಟ್ಟು ಮನೆಮನೆಗಳಲ್ಲಿ ಕೇಳುತ್ತದೆ. ಮಗು ಚರಣವನ್ನು ಬಾಯಿಪಾಠ ಮಾಡುತ್ತದೆ. ಕಥೆಯ ಉತ್ತರ ಹಾಡಿನೊಡನೆ ಬರುವುದಿಲ್ಲ. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೆಣ್ಣು ಮಾತಾಡಬಾರದೆಂಬುದು ಮಾಟಗಾತಿಯ ಗುಹೆಯಲ್ಲಿ ಮಾತ್ರ ಕೇಳುವ ಮಾತಾಗಿದ್ದರೆ ಚಿಂತೆಯಿರಲಿಲ್ಲ. ಅದು ಲೋಕದಲ್ಲಿ ಹಿತೈಷಿಗಳ ಬಾಯಿಂದಲೂ ಬರುತ್ತದೆ. ಆದರೆ ಇದೇ ಕಾರಣದಿಂದ ಅದನ್ನು ಗುರುತಿಸುವ ಅಭ್ಯಾಸ ಹುಡುಗಿಯರಿಗೆ ಬೇಕು. ಹಿತವಚನದ ಧಾಟಿಯಲ್ಲಿ ಬರುವ ವಂಚನೆಯನ್ನು ಮಾಟಗಾತಿಯ ಬಾಯಲ್ಲಿ ಒಮ್ಮೆ ಕೇಳಿದ ಮಗು ಮುಂದೆ ಅದನ್ನು ಬೇರೆಡೆ ಕೇಳಿದಾಗ ಆ ಬಾಯಿಯ ನೆನಪಾಗುವುದು ಸಾಧ್ಯ. 2019ರ ‘ಅಲಾದೀನ್’ನಲ್ಲಿ ರಾಜಕುಮಾರಿ ಜಾಸ್ಮಿನ್‌ಳಿಗೆ, ತಾನು ಮೂಕಳಾಗಿರಲಾರೆನೆಂಬ ಭಾವದ ಹೊಸ ಹಾಡನ್ನು ಕೊಟ್ಟರು. ಅದು ಸ್ತುತ್ಯ. ಆದರೆ ಅದೇ ಚಿತ್ರದಲ್ಲಿ ಜಾಫರನ ಹಾಡು ಹೋಯಿತು. ಅವನು ಮಾತಿನಲ್ಲಿ ಅವಳನ್ನು ಅಡಗಿಸುತ್ತಾನೆ, ನಿಜ. ಹಾಡಿಗೆ ಹಾಡು ಮಾತ್ರ ಎದುರಾಗುವುದಿಲ್ಲ.

ಗ್ಯಾಸ್ಟನ್‌ನ ಪ್ರಸಂಗ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸುತ್ತದೆ. 1991ರ ಚಿತ್ರದಲ್ಲಿ ಹೆಂಡದಂಗಡಿಯ ಜನ ತಮ್ಮಷ್ಟಕ್ಕೆ ತಾವೇ ಅವನನ್ನು ಕೊಂಡಾಡುತ್ತಾರೆ. ಅದೇ ಊರಿನವರು ಮುಂದೆ ಪಂಜು ಹಿಡಿದು ಕೋಟೆಯ ಮೇಲೆ ನುಗ್ಗುತ್ತಾರೆ; ಮೊದಲ ಹಾಡಿನ ನಗು ಎರಡನೆಯದರಲ್ಲಿ ಭಯವಾಗಿ ತಿರುಗುತ್ತದೆ. 2017ರ ಚಿತ್ರದಲ್ಲಿ ಅವನ ಅನುಚರನು ಜನರಿಗೆ ನಾಣ್ಯ ಹಂಚಿ ಹೊಗಳಿಸುತ್ತಾನೆ. ಪ್ರೇಕ್ಷಕ ನಗುತ್ತಾನೆ, ಆದರೆ ಕೂಲಿಗೆ ಹಾಡಿದ ಜನ ಕೂಲಿಯಿಲ್ಲದೆ ಕೊಲ್ಲಲು ಏಕೆ ಹೊರಟರೆಂಬ ಪ್ರಶ್ನೆ ಉಳಿಯುತ್ತದೆ. ದುಷ್ಟನನ್ನು ಊರು ಮನಸಾರೆ ಪ್ರೀತಿಸಿತ್ತೆಂಬ ಕಹಿಸತ್ಯವನ್ನು ಹಳೆಯ ಹಾಡು ಮರೆಮಾಚಿರಲಿಲ್ಲ.

ಪುನರ್ನಿರ್ಮಾಣಕಾರರು ಮೂಲಕ್ಕೆ ಅಕ್ಷರಶಃ ಬದ್ಧರಾಗಿರಬೇಕೆಂಬುದು ನಮ್ಮ ವಾದವಲ್ಲ. ಆಶ್‌ಮನ್ ಆಂಡರ್ಸನ್ ಕಥೆಯ ಅಂತ್ಯವನ್ನೇ ಬದಲಿಸಿದ ಚಿತ್ರಕ್ಕೆ ಹಾಡು ಬರೆದವನು. ತಿದ್ದುವ ಹಕ್ಕು ಎಲ್ಲ ಕಾಲಕ್ಕೂ ಇದೆ. ಆದರೆ ತಿದ್ದುಪಡಿ ನಾಯಿಕೆಯ ಪಕ್ಷವನ್ನು ಬಲಪಡಿಸುವ ಕಡೆ ನಡೆಯಬೇಕೇ ಹೊರತು ಪ್ರತಿಪಕ್ಷದ ನಾಲಗೆಯನ್ನು ಕತ್ತರಿಸುವ ಕಡೆ ಅಲ್ಲ. ಆಂಡರ್ಸನ್‌ನ ಕಥೆಯಲ್ಲಿ ನಾಲಗೆ ಕಳೆದುಕೊಂಡವಳು ಮತ್ಸ್ಯಕನ್ಯೆ. ಈಗ ಮಾಟಗಾತಿಯೂ ತನ್ನ ಮಾತಿನ ಒಂದು ಪಾಲನ್ನು ಕಳೆದುಕೊಂಡಿದ್ದಾಳೆ. ಇದರಿಂದ ಮತ್ಸ್ಯಕನ್ಯೆಗೆ ಮರಳಿ ದೊರೆತದ್ದೇನೂ ನಮಗೆ ಕಾಣುವುದಿಲ್ಲ.