‘ಸ್ಟೋಲನ್‌ಎನ್‌ಕೋಡರ್’: ಒಂದು ವಿಮರ್ಶೆ

ವಸ್ತುವು ಒಡೆಯನ ಕೈತಪ್ಪಿದಾಗಲೇ ಕಳವು ಎಂಬುದು ಲೋಕರೂಢಿ. ಯುಪೇ ಲಿಯು, ನೀಲ್ ಗಾಂಗ್ ಮೊದಲಾದವರು 2022ರಲ್ಲಿ ಪ್ರಕಟಿಸಿದ ‘ಸ್ಟೋಲನ್‌ಎನ್‌ಕೋಡರ್’ ಎಂಬ ಸಂಶೋಧನ ಪ್ರಬಂಧದಲ್ಲಿ ಯಾವ ವಸ್ತುವೂ ಕೈತಪ್ಪುವುದಿಲ್ಲ. ಆದರೂ ಅದರ ಶೀರ್ಷಿಕೆಯಲ್ಲೇ ಕಳವಿದೆ.

ಅಸಂಖ್ಯ ಚಿತ್ರಗಳಿಂದ ಕಲಿತು, ಯಾವ ಚಿತ್ರವನ್ನು ಕೊಟ್ಟರೂ ಅದರ ಗುಣಲಕ್ಷಣಗಳನ್ನು ಅಂಕಿಗಳ ಸಾಲಾಗಿ ತಿಳಿಸುವ ಗಣಕವ್ಯವಸ್ಥೆಯೇ ಎನ್‌ಕೋಡರ್. ಶಿರಾಳಕೊಪ್ಪದ ಕಡೆಯ ಓದುಗರಿಗೆ ಅಡಿಕೆಯ ಉದಾಹರಣೆ ಸಾಕು. ಪಳಗಿದ ವ್ಯಾಪಾರಿಯು ಬೆಟ್ಟೆ, ರಾಶಿ, ಗೊರಬಲುಗಳನ್ನು ನೋಡಿದೊಡನೆ ಗುರುತಿಸುತ್ತಾನೆ. ಒಬ್ಬನು ಶುಲ್ಕ ತೆತ್ತು ದಿನವೂ ಮಾದರಿಗಳನ್ನು ಅವನ ಮುಂದಿಟ್ಟು, ಉತ್ತರಗಳನ್ನೆಲ್ಲ ಬರೆದಿಟ್ಟುಕೊಂಡು, ಆ ಬರಹದಿಂದಲೇ ತನ್ನ ಆಳನ್ನು ಪಳಗಿಸಿದನೆನ್ನೋಣ. ವ್ಯಾಪಾರಿಯ ಗಂಟಿನಿಂದ ಕಾಸೂ ಹೋಗದು. ಜೀವಮಾನದ ಅನುಭವ ಮಾತ್ರ ಅಗ್ಗದಲ್ಲಿ ಪರರ ಪಾಲಾಯಿತು. ಅವನು ಉತ್ತರಕ್ಕೆ ಹಣ ತೆತ್ತದ್ದು ನಿಜ, ಕಣ್ಣಿಗೆ ತೆತ್ತಿಲ್ಲ. ಲೇಖಕರು ಗೂಗಲ್, ಓಪನ್‌ಎಐ, ಕ್ಲಾರಿಫೈ ಸಂಸ್ಥೆಗಳ ಎನ್‌ಕೋಡರ್‌ಗಳ ಮೇಲೆ ಇದನ್ನೇ ಪ್ರಯೋಗಿಸಿ, ಮೂಲಕ್ಕೆ ತಗುಲಿದ್ದಕ್ಕಿಂತ ತೀರ ಕಡಿಮೆ ದತ್ತಾಂಶ ಹಾಗೂ ಗಣನೆಯಲ್ಲಿ ಹೆಚ್ಚುಕಡಿಮೆ ಅದೇ ಸಾಮರ್ಥ್ಯದ ನಕಲನ್ನು ಪಡೆದರು.

ಪ್ರಯೋಗವು ಪ್ರಶಂಸನೀಯ, ಶಬ್ದಪ್ರಯೋಗವು ಏಕಪಕ್ಷೀಯ. ಪ್ರಬಂಧವು ಲೆಕ್ಕಕ್ಕೆ ಹಿಡಿಯುವ ನಷ್ಟವು ಸೇವೆ ಮಾರುವ ಸಂಸ್ಥೆಯದು. ಆದರೆ ಓಪನ್‌ಎಐನ ‘ಕ್ಲಿಪ್’ ಕಲಿತದ್ದು ಅಂತರಜಾಲದಿಂದ ಸಂಗ್ರಹಿಸಿದ 40 ಕೋಟಿ ಚಿತ್ರ-ಬರಹಗಳ ಜೋಡಿಗಳಿಂದ. ಬಂದಳಿಕೆಯ ಶಾಂತಿನಾಥ ಬಸದಿಯ ಚಿತ್ರವನ್ನು ಯಾತ್ರಿಕನೊಬ್ಬನು ಅಂತರಜಾಲದಲ್ಲಿ ಇಟ್ಟರೆ ಅದು ಪರರ ದರ್ಶನಕ್ಕಾಗಿ. ಯಂತ್ರದ ಪಾಠಕ್ಕೆಂದು ಅವನು ಕೊಟ್ಟದ್ದಲ್ಲ. ಕೊಡದುದನ್ನು ಕೊಳ್ಳುವುದೇ ಅದತ್ತಾದಾನವೆಂದಾದರೆ, ವಿಚಾರಣೆಯು ಈ ಮೊದಲ ಬಾಗಿಲಿನಿಂದಲೇ ಆರಂಭವಾಗಬೇಕಿತ್ತು. ಹಾಗೆಂದು ನಕಲು ಮಾಡಿದವನು ಪಾರಾಗಲಾರ. ಮೊದಲ ಸಂಗ್ರಹವನ್ನು ಕಳವೆಂದೇ ಇಟ್ಟುಕೊಂಡರೂ, ಕಳ್ಳನು ತಂದುದನ್ನು ಪಡೆಯುವ ತದಾಹೃತಾದಾನವೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು.

ರಕ್ಷಣೋಪಾಯಗಳ ಭಾಗವು ಇನ್ನಷ್ಟು ವಿಚಾರಾರ್ಹ. ಉತ್ತರದ ಅಂಕಿಗಳ ದಶಾಂಶಗಳನ್ನು ಮೊಟಕುಗೊಳಿಸುವುದು, ಅವುಗಳಲ್ಲಿ ಬೇಕೆಂದೇ ದೋಷ ಬೆರೆಸುವುದು ಮುಂತಾದ ತಂತ್ರಗಳನ್ನು ಲೇಖಕರು ಪರೀಕ್ಷಿಸಿದ್ದಾರೆ. ಇವು ಕಳವನ್ನು ಸಾಕಷ್ಟು ತಡೆಯವು, ತಡೆಯುವಷ್ಟು ಬಿಗಿಗೊಳಿಸಿದರೆ ಸೇವೆಯೇ ಕೆಡುತ್ತದೆ ಎಂಬುದು ಅವರ ನಿರ್ಣಯ. ಅವರು ಇದನ್ನು ಉಪಯುಕ್ತತೆಯ ನಷ್ಟವೆಂದಷ್ಟೇ ಕಂಡಿದ್ದಾರೆ. ಪೂರ್ಣ ಶುಲ್ಕ ತೆತ್ತ ಪ್ರಾಮಾಣಿಕ ಗಿರಾಕಿಗೆ, ತಿಳಿಸದೆ, ಕೆಡಿಸಿದ ಉತ್ತರವನ್ನು ಕೊಡುವುದಕ್ಕೆ ವ್ಯಾಪಾರಧರ್ಮದಲ್ಲಿ ಬೇರೆ ಹೆಸರಿದೆ: ಹೀನಾಧಿಕಮಾನೋನ್ಮಾನ, ಅಳತೆ-ತೂಕಗಳ ಮೋಸ. ಅದೂ ಅದೇ ಅತಿಚಾರಗಳ ಪಟ್ಟಿಯಲ್ಲಿದೆ.