ಕಾಲಿನ ಸಿಟಿ, ಬಿಲ್ಲಿನ ಕೊನೆಯ ಅಂಕಿ

ಅಮೆರಿಕದಲ್ಲಿ ಕಾಲಿನ ಸಿಟಿ ಸ್ಕ್ಯಾನ್ ಮಾಡಿಸಿದರೆ ಅದರ ಕ್ಲೇಮು ಐದಂಕಿಯ ಒಂದು ಸಂಖ್ಯೆಯನ್ನು ಹೊತ್ತೇ ವಿಮಾ ಕಂಪನಿಗೆ ಹೋಗಬೇಕು. ಕಾಂಟ್ರಾಸ್ಟ್ ಔಷಧ ಕೊಡದೆ ತೆಗೆದರೆ 73700, ಕೊಟ್ಟು ತೆಗೆದರೆ 73701. ಮೊದಲು ಕೊಡದೆ ಒಂದು ಸಲ, ಬಳಿಕ ಕೊಟ್ಟು ಇನ್ನೊಂದು ಸಲ ತೆಗೆದರೆ 73702. ರಕ್ತನಾಳಗಳನ್ನೇ ನೋಡಲು ಆಂಜಿಯೋಗ್ರಫಿ ಮಾಡಿದರೆ 73706. ಸಿಪಿಟಿ ಎಂಬ ಈ ಸಂಕೇತಮಾಲೆಯನ್ನು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲು ಪ್ರಕಟಿಸಿತು. 1983ರಲ್ಲಿ ಸರ್ಕಾರಿ ವಿಮಾ ಯೋಜನೆಯಾದ ಮೆಡಿಕೇರ್ ಅದನ್ನು ಒಪ್ಪಿಕೊಂಡಿತು. ಹಕ್ಕುಸ್ವಾಮ್ಯ ಇಂದಿಗೂ ಆ ಖಾಸಗಿ ಸಂಘದ್ದೇ. ಕಾನೂನು ಕಡ್ಡಾಯ ಮಾಡಿದ ಭಾಷೆಗೆ ಲೈಸೆನ್ಸ್ ಶುಲ್ಕ ಕಟ್ಟಬೇಕಾದ ಈ ವಿಚಿತ್ರದ ಬಗ್ಗೆ ಬೇರೆಯೇ ಲೇಖನ ಬರೆಯಬಹುದು.

ಈ ಅಂಕಿಗಳನ್ನು ಆರಿಸುವ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. ನರ್ಸಿಂಗ್, ಫಾರ್ಮಸಿ, ಮೈಕ್ರೋಬಯಾಲಜಿ ಓದಿದವರು ಸಿಪಿಸಿ ಎಂಬ ಅರ್ಹತಾ ಪರೀಕ್ಷೆ ಕಟ್ಟಿ ಕೋಡರ್ ಆಗುತ್ತಾರೆ. ಅವರು ರೋಗಿಯನ್ನು ನೋಡುವುದಿಲ್ಲ, ಚಿತ್ರವನ್ನೂ ನೋಡುವುದಿಲ್ಲ. ಕಣ್ಣ ಮುಂದಿರುವುದು ರೇಡಿಯಾಲಜಿಸ್ಟ್ ಬರೆಸಿದ ವರದಿ, ತಲೆಯ ಮೇಲಿರುವುದು ದಿನದ ಟಾರ್ಗೆಟ್. ವರದಿಯಲ್ಲಿ ಬರೆದಿಲ್ಲವೆಂದರೆ ಆಗಿಯೇ ಇಲ್ಲ ಎಂಬುದು ಈ ಕಸುಬಿನ ಮೊದಲ ಪಾಠ.

ಈ ವ್ಯವಸ್ಥೆಯ ಶಿಸ್ತನ್ನು ಮೆಚ್ಚಲೇಬೇಕು. ‘ಕಾಂಟ್ರಾಸ್ಟ್ ಸಹಿತ’ ಎನ್ನಬೇಕಾದರೆ ಔಷಧ ರಕ್ತನಾಳಕ್ಕೋ ಕೀಲಿನೊಳಕ್ಕೋ ಬೆನ್ನುಹುರಿಯ ಪೊರೆಯೊಳಕ್ಕೋ ಹೋಗಿರಬೇಕು. ಬಾಯಿಂದ ಕುಡಿಸಿದ್ದು ಲೆಕ್ಕಕ್ಕಿಲ್ಲ. ಕೈಗೆ ಸೂಜಿ ಚುಚ್ಚಿ ಔಷಧ ಹರಿಸಿದ್ದಕ್ಕೆ ಪ್ರತ್ಯೇಕ ಬಿಲ್ಲು ಹಾಕುವಂತಿಲ್ಲ, ಅದು ಸ್ಕ್ಯಾನಿನೊಳಗೇ ಸೇರಿದೆ. ಮಂಡಿಯ ಕೀಲಿಗೇ ಚುಚ್ಚಿ ಸಿಟಿ ಆರ್ತ್ರೋಗ್ರಫಿ ಮಾಡಿದರೆ ಮಾತ್ರ 2019ರಿಂದ 27369 ಎಂಬ ಬೇರೆ ಸಂಕೇತವುಂಟು. ವೈದ್ಯರು ಓದಿದ್ದಕ್ಕೆ 26, ಯಂತ್ರ ಮತ್ತು ತಂತ್ರಜ್ಞರ ಪಾಲಿಗೆ ಟಿಸಿ, ಬಲಗಾಲಿಗೆ ಆರ್‌ಟಿ, ಎಡಗಾಲಿಗೆ ಎಲ್‌ಟಿ ಎಂಬ ಬಾಲಂಗೋಚಿಗಳು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೀಳದಂತೆ ಕಟ್ಟಿದ ಬೇಲಿ ಇದು, ಬಹುಮಟ್ಟಿಗೆ ಗಟ್ಟಿಯಾಗಿಯೇ ಇದೆ.

ಆದರೆ ಇದೇ ಶಿಸ್ತು ದೇಹದ ವಿಷಯಕ್ಕೆ ಬಂದಾಗ ಸಡಿಲಾಗುತ್ತದೆ. ಎಕ್ಸ್‌ರೇ ತೆಗೆದರೆ ಮಂಡಿ, ಪಾದ, ಹರಡು ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ಎಂಆರ್‌ಐನಲ್ಲಿ ಕೀಲಿಗೊಂದು ಸಾಲು, ಕೀಲಲ್ಲದ ಭಾಗಕ್ಕೊಂದು ಸಾಲು. ಸಿಟಿಯಲ್ಲಿ ಮಾತ್ರ ತೊಡೆಯಿಂದ ಕಾಲ್ಬೆರಳ ತನಕ ಎಲ್ಲವೂ ಒಂದೇ. ಪಾದದ ಸಣ್ಣ ಮೂಳೆಯನ್ನಷ್ಟೇ ನೋಡಿದರೂ 73701, ತೊಡೆಯ ಕೀವುಗಡ್ಡೆಯನ್ನು ಹುಡುಕಿದರೂ 73701. ಸೊಂಟದ ಕೀಲು ಬಂದರಂತೂ ಅದನ್ನು ಕಾಲಿಗೆ ಸೇರಿಸಬೇಕೋ ಕಿಬ್ಬೊಟ್ಟೆಯ ಸಿಟಿಗೆ ಸೇರಿಸಬೇಕೋ ಎಂದು ಕೋಡರ್‌ಗಳು ತಲೆ ಕೆಡಿಸಿಕೊಳ್ಳುತ್ತಾರೆ.

ಇನ್ನೂ ಸೂಕ್ಷ್ಮವಾದದ್ದು 73701 ಮತ್ತು 73706ರ ನಡುವಿನ ಗೆರೆ. ಅದೇ ಕಾಲು, ಅದೇ ಯಂತ್ರ, ಅದೇ ಅಯೋಡಿನ್ ಔಷಧ. ಆಂಜಿಯೋಗ್ರಫಿ ಎನಿಸಿಕೊಳ್ಳಲು ಚಿತ್ರಗಳನ್ನು ಮೂರು ಆಯಾಮಗಳಲ್ಲಿ ಮರುರಚಿಸಿರಬೇಕು. ಎಂಐಪಿ ಎಂಬ ವಿಧಾನವಾದರೂ ಸಾಕು, ಆದರೆ ಎರಡು ಆಯಾಮದ ಮರುಜೋಡಣೆ ಸಾಲದು. ಮರುರಚನೆ ನಿಜವಾಗಿ ಆಗಿದ್ದರೂ ವರದಿಯಲ್ಲಿ ಆ ಒಂದು ವಾಕ್ಯ ಬಿಟ್ಟುಹೋದರೆ ಕೋಡರ್ 73701ಕ್ಕೆ ಇಳಿಯಬೇಕು. ಇದಕ್ಕೆ ಆಸ್ಪತ್ರೆಗಳು ಕಂಡುಕೊಂಡ ಉಪಾಯ ಸಿದ್ಧ ಟೆಂಪ್ಲೇಟು. ಆ ವಾಕ್ಯ ಪ್ರತಿ ವರದಿಯಲ್ಲೂ ಮೊದಲೇ ಅಚ್ಚಾಗಿ ಕೂತಿರುತ್ತದೆ, ಮರುರಚನೆ ಆಗಿರಲಿ ಬಿಡಲಿ. ಮಾತಿಗೆ ದುಡ್ಡು ಕೊಡುವ ವ್ಯವಸ್ಥೆಯಲ್ಲಿ ಮಾತು ತಾನಾಗಿಯೇ ಹೆಚ್ಚುತ್ತದೆ. ಇದನ್ನು ಬೆಂಗಳೂರಿನ ಮೇಜಿನಿಂದ ಹಿಡಿಯಲು ಯಾವ ದಾರಿಯೂ ಇಲ್ಲ.

ರೋಗದ ಸಂಕೇತದ ಕತೆ ಇನ್ನೊಂದು. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಐಸಿಡಿ-10-ಸಿಎಂ ಜಾರಿಯಲ್ಲಿದೆ. ಬಲಗಾಲಿನ ಸೆಲ್ಯುಲೈಟಿಸ್‌ಗೆ ಎಲ್03.115, ಎಡಗಾಲಿಗೆ ಎಲ್03.116 ಎನ್ನುವಷ್ಟು ನಿಖರ. ಆದರೆ ಹೊರರೋಗಿಗೆ ‘ಇರಬಹುದು’, ‘ಶಂಕೆ’ ಎಂದು ಬರೆದ ಕಾಯಿಲೆಯನ್ನು ಕೋಡ್ ಮಾಡುವಂತಿಲ್ಲ. ಒಳಗೆ ಕೀವು ಕಟ್ಟಿದೆಯೇ ಎಂದು ನೋಡಲು ಕಳಿಸಿ, ಏನೂ ಸಿಗದೆ ಹೋದರೆ, ಉಳಿಯುವುದು ಎಂ79.604, ಅಂದರೆ ಬಲಗಾಲು ನೋವು. ಬರೀ ನೋವಿಗೆ ಇಷ್ಟು ದುಬಾರಿ ಸ್ಕ್ಯಾನ್ ಏಕೆಂದು ವಿಮಾ ಕಂಪನಿ ಕ್ಲೇಮನ್ನು ತಿರಸ್ಕರಿಸಬಹುದು. ಇಲ್ಲದ ಕಾಯಿಲೆಯನ್ನು ರೋಗಿಯ ದಾಖಲೆಗೆ ಅಂಟಿಸಬಾರದೆಂಬ ನಿಯಮ ಸರಿಯಾದದ್ದೇ. ಆದರೆ ವೈದ್ಯರ ನ್ಯಾಯವಾದ ಅನುಮಾನಕ್ಕೆ ಹಣ ಪಾವತಿಯ ಜಾಗದಲ್ಲಿ ಬೆಲೆಯಿಲ್ಲದಂತಾದದ್ದು ಅದರ ಅಡ್ಡಪರಿಣಾಮ.

ನನ್ನ ಮುಖ್ಯ ತಕರಾರು ಇರುವುದು 73702ರ ಮೇಲೆ. ಕಾಲಿನ ವಿಷಯದಲ್ಲಿ ಜೋಡಿ ಸ್ಕ್ಯಾನ್ ಬೇಕಾಗುವ ಸಂದರ್ಭ ತೀರಾ ಕಡಿಮೆ. ಮೂಳೆ ಮುರಿತಕ್ಕೆ ಕಾಂಟ್ರಾಸ್ಟೇ ಬೇಡ. ಸೋಂಕು, ಕೀವಿಗೆ ಕೊಟ್ಟು ತೆಗೆದದ್ದೊಂದೇ ಸಾಮಾನ್ಯವಾಗಿ ಸಾಕು. ಎರಡು ಸಲ ತೆಗೆದರೆ ವಿಕಿರಣ ಹೆಚ್ಚು, ಮೆಡಿಕೇರ್‌ನ ವೈದ್ಯಶುಲ್ಕದ ಪಟ್ಟಿಯಲ್ಲಿ ದರವೂ ಹೆಚ್ಚು. ಎದೆ ಮತ್ತು ಹೊಟ್ಟೆಯ ಜೋಡಿ ಸ್ಕ್ಯಾನ್‌ಗಳನ್ನು ಮೆಡಿಕೇರ್ ಒಂದು ಕಾಲಕ್ಕೆ ಆಸ್ಪತ್ರೆವಾರು ಅಳೆದು ಸಾರ್ವಜನಿಕವಾಗಿ ಪ್ರಕಟಿಸಿತು. ಕಾಲು ಆ ಪಟ್ಟಿಗೆ ಬರಲಿಲ್ಲ. 2022ರಲ್ಲಿ ಶಾಂಘೈನ ಲಾಕ್‌ಡೌನಿನಿಂದ ಜಿಇ ಹೆಲ್ತ್‌ಕೇರ್‌ನ ಕಾರ್ಖಾನೆ ನಿಂತು ಅಮೆರಿಕದಲ್ಲಿ ಕಾಂಟ್ರಾಸ್ಟ್‌ಗೆ ಬರ ಬಂದಾಗ, ಯಾರಿಗೆ ಇದು ನಿಜಕ್ಕೂ ಬೇಕು ಎಂದು ಆಸ್ಪತ್ರೆಗಳು ಒಂದೊಂದೇ ಕೇಸನ್ನು ಹಿಡಿದು ಕೇಳತೊಡಗಿದವು. ಬಾಟಲಿ ಖಾಲಿಯಾದಾಗ ಹುಟ್ಟಿದ ಆ ಪ್ರಶ್ನೆ ಸಂಕೇತಮಾಲೆಯ ಒಳಗಿನಿಂದ ಎಂದೂ ಹುಟ್ಟಲಾರದು. ಎರಡು ಸಲ ತೆಗೆದಿರಾ ಎಂದಷ್ಟೇ ಅದು ಕೇಳುತ್ತದೆ.

ಔಷಧದ ಲೆಕ್ಕದಲ್ಲೂ ಸಮತೆಯಿಲ್ಲ. ಮೆಡಿಕೇರ್ ರೋಗಿ ಸ್ವತಂತ್ರ ಸ್ಕ್ಯಾನಿಂಗ್ ಸೆಂಟರಿಗೆ ಹೋದರೆ ಕ್ಯೂ9967 ಎಂಬ ಸಂಕೇತದಡಿ ಮಿಲಿಲೀಟರ್‌ಗೆ ಇಷ್ಟೆಂದು ಬೇರೆ ಬಿಲ್ಲು: 100 ಮಿಲಿ ಕೊಟ್ಟರೆ 100 ಯೂನಿಟ್. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋದರೆ ಅದೇ ಔಷಧ ಒಟ್ಟು ದರದಲ್ಲೇ ಅಡಕ. ಬಿಲ್ಲು ಓದುವ ರೋಗಿಗೆ ಇದು ತಿಳಿಯುವುದಾದರೂ ಹೇಗೆ?

ವರ್ಗೀಕರಣವಾಗಿ ಈ ಸಂಕೇತಮಾಲೆ ಚೊಕ್ಕ. ಹಣ ಹಂಚುವ ಏಕೈಕ ಆಧಾರವಾಗಿ ನ್ಯಾಯದ್ದಲ್ಲ. ಏನು ಮಾಡಿದರೆಂಬುದನ್ನು ಅದು ಅಳೆಯುತ್ತದೆ, ಏಕೆಂಬುದನ್ನು ಐಸಿಡಿಯ ಕೆಲವು ಅಕ್ಷರಗಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಹಾಗಾಗಿ ಅಮೆರಿಕದಲ್ಲಿರುವ ಕನ್ನಡಿಗರಿಗೆ, ಅದರಲ್ಲೂ ಊರಿಂದ ಬಂದ ಅಪ್ಪ-ಅಮ್ಮನನ್ನು ಪ್ರವಾಸಿ ವಿಮೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವವರಿಗೆ, ಒಂದು ಮಾತು. ಒಟ್ಟು ಮೊತ್ತದ ಚೀಟಿಗೆ ದುಡ್ಡು ಕಟ್ಟಬೇಡಿ. ಬಾಬ್ತುವಾರು ಬಿಲ್ಲನ್ನೂ ರೇಡಿಯಾಲಜಿ ವರದಿಯನ್ನೂ ತರಿಸಿಕೊಂಡು ಪಕ್ಕಪಕ್ಕ ಇಡಿ. ವರದಿಯಲ್ಲಿ ಒಂದೇ ಸ್ಕ್ಯಾನಿನ ಉಲ್ಲೇಖವಿದ್ದು ಬಿಲ್ಲಿನಲ್ಲಿ 73702 ಇದ್ದರೆ, ಅಥವಾ ಮರುರಚನೆಯ ಮಾತೇ ಇಲ್ಲದೆ 73706 ಕಂಡರೆ, ಕೋಡಿಂಗ್ ಮರುಪರಿಶೀಲನೆ ಬೇಕೆಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಬರವಣಿಗೆಯಲ್ಲೇ ಕೇಳಿ.